ಅತ್ತೆಯ ಪಾಲಿನ ಪಯಣ

ಒಬ್ಬರಿಗೆ ಜನ್ಮಕ್ಕೊಂದೇ ವಿದೇಶ ಪ್ರಯಾಣವೆಂಬ ಕಾನೂನಿದ್ದ ಕಾಲ. ತನ್ನ ಪಾಲನ್ನು ಕಾಲೇಜಿನಲ್ಲಿದ್ದಾಗಲೇ ಮುಗಿಸಿದ್ದ ದಾಕ್ಷಾಯಿಣಿ, ಓದಲು ಹೋಗುತ್ತೇನೆಂದು ಸುಳ್ಳು ಹೇಳಿ, ಎಂದೂ ಹುಬ್ಬಳ್ಳಿ ದಾಟದ ಸೋದರತ್ತೆ ಗುರುಬಸವ್ವನ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು. ನಾಳೆ ಪೆರುವಿನ ಬೆಟ್ಟಗಳಲ್ಲಿ ಅಲೆಯಲು ಹೊರಡಬೇಕು. ಹಾಡು ಗುನುಗುತ್ತ ಬೆನ್ನುಚೀಲ ತುಂಬುತ್ತಿದ್ದಾಗ, ದಾರಿಗೆಂದು ಶೇಂಗಾ ಚಟ್ನಿಪುಡಿ ಹಿಡಿದು ಅತ್ತೆ ಒಳಬಂದರು. ಪಕ್ಕದಲ್ಲಿದ್ದ ಡೇರೆಯನ್ನು ಮುಟ್ಟಿ ನೋಡಿದರು.

“ಓದಾಕ ಹೋಗೋರು ಡೇರೆ ಒಯ್ಯತಾರೇನವಾ?”

ದಾಕ್ಷಾಯಿಣಿ ಚೀಲವನ್ನು ಕೆಳಗಿಟ್ಟಳು. “ತಪ್ಪಾತ್ರೀ ಅತ್ತಿ. ಬೆಟ್ಟ ಅಲಿಯಾಕ ಹೊಂಟಿದ್ದೆ. ನಿಮ್ಮ ಪಾಲು ನಿಮಗ ವಾಪಸ್ ಕೊಡ್ತೀನಿ. ನೀವ ಹೋಗ್ರಿ.”

“ಖರೇ ಹೇಳಿದ್ರೂ ಕೊಡತಿದ್ದೆ. ನಾ ಹೋಗಿದ್ರೂ ಬೆಟ್ಟಕ್ಕ ಹೋಗತಿದ್ದೆ,” ಎನ್ನುತ್ತ ಅತ್ತೆ ಡೇರೆಯನ್ನು ಚೀಲಕ್ಕೆ ಬಿಗಿದು ಕಟ್ಟಿದರು.

ಅವರ ಕಾಲಿಗೆ ಬೀಳಲು ಬಗ್ಗಿದ ದಾಕ್ಷಾಯಿಣಿಗೆ ಮತ್ತೆ ತಲೆಯೆತ್ತಲಾಗಲಿಲ್ಲ.