ಸಾರಿಗೆ ಬಿದ್ದ ಮೀಸೆ

ರಾಜನ ಅಂಟುಮೀಸೆ ಕಳಚಿ ರಾಣಿಯ ಬಟಾಣಿ ಸಾರಿನ ಬಟ್ಟಲಿಗೆ ಬಿತ್ತು. ರಾಜನ ವೇಷದಲ್ಲಿದ್ದ ಹೆಡ್ವಿಗ್‌ಗೆ ಮುಂದಿನ ಮಾತೇ ಮರೆತುಹೋಯಿತು. ಉಪ್ಸಾಲಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಗೆನಾಟಕಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲೇ ಗೆಳೆಯ ಸಿಕ್ಸ್ಟೆನ್, ತನ್ನ ಸ್ವಂತ ಹುರಿಮೀಸೆ ಹೊತ್ತು, ಕೈಕಟ್ಟಿ ಕೂತಿದ್ದ. ತಾನು ಆಸೆಪಟ್ಟಿದ್ದ ರಾಜನ ಪಾತ್ರ ಅವಳ ಪಾಲಾದ ದಿನದಿಂದ, ಮೂರು ವಾರವಾಗಿ, ಅವಳೊಡನೆ ಮಾತು ಬಿಟ್ಟಿದ್ದ.

ಅವನು ಎದ್ದು ನಿಂತ. ಹೊರಟೇಬಿಟ್ಟ ಅಂದುಕೊಂಡಳು. "ಮತ್ತೊಮ್ಮೆ!" ಎಂದು ಕೂಗಿದ.

ನೋಡುವವರು ಮೆಚ್ಚಿ ಹಾಗೆ ಕೂಗಿದರೆ ಅದೇ ದೃಶ್ಯವನ್ನು ಬೇರೆ ಥರ ಆಡಿ ತೋರಿಸಲೇಬೇಕು, ಅದು ಅಲ್ಲಿಯ ಕಟ್ಟಳೆ. ಇಡೀ ಸಭೆ ದನಿಗೂಡಿಸಿತು. ಹೆಡ್ವಿಗ್ ಸೌಟಿನಿಂದ ಮೀಸೆ ಎತ್ತಿ, ಹಿಂಡಿ, ರಾಣಿಯ ಮೂಗಿನ ಕೆಳಗೆ ಮೆತ್ತಿದಳು. "ಮತ್ತೊಮ್ಮೆ!" ಸಭೆ ಮತ್ತೆ ಕೂಗಿತು. ಈಗ ಅವಳು ಮೊದಲ ಸಾಲಿನತ್ತ ಕತ್ತಿ ಚಾಚಿದಳು. "ನನ್ ಮೀಸೆ ಕದ್ದ ಕಳ್ಳ ಅಲ್ಲಿದಾನೆ! ಎಳ್ಕೊಂಡ್ ಬನ್ರೋ!"

ರಟ್ಟಿನ ಶಿರಸ್ತ್ರಾಣದ ಸೈನಿಕರು ಸಿಕ್ಸ್ಟೆನ್‌ನನ್ನು ಅನಾಮತ್ತಾಗಿ ರಂಗದ ಮೇಲೆ ತಂದಿಳಿಸಿದರು. ಅವನು ಮಂಡಿಯೂರಿದ. "ಪ್ರಭೂ, ಮೀಸೆ ನಿಮಗಿಂತ ನಂಗೇ ಚೆನ್ನಾಗ್ ಒಪ್ಪತ್ತೆ ಅಂತ ಅವತ್ತೇ ಬಡ್ಕೊಂಡೆ, ನೀವು ಕೇಳ್ಬೇಕಲ್ಲ!"

ಸಭೆ ಬಾಯಿ ತೆರೆಯುವ ಮೊದಲೇ ಹೆಡ್ವಿಗ್ ಕೂಗಿದಳು: "ಮತ್ತೊಮ್ಮೆ!"