ಶಾಂತವ್ವ ಸಿಸ್ಟರ್ ತಟ್ಟಿದ ಬೆರಳು

ಇಪ್ಪತ್ತೈದು ವರ್ಷದ ಹಿಂದಿನ ಮಾತು... ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆ.

ಹುಟ್ಟಿದ ಕೂಸನ್ನು ದೊಡ್ಡ ಬಲ್ಬಿನ ಕೆಳಗಿಟ್ಟು ಬೆಚ್ಚಗೆ ಮಾಡುತ್ತಿದ್ದ ಕಾಲ. ಎದೆಬಡಿತ ತೋರಿಸುವ ಮಷೀನ್ ಇರಲಿಲ್ಲ... ಶಾಂತವ್ವ ಸಿಸ್ಟರ್ ಇದ್ದರು.

ಸ್ಟೆತಸ್ಕೋಪಿನಲ್ಲಿ ಕೂಸಿನ ಎದೆಬಡಿತ ಕೇಳುತ್ತಾ, ಅದೇ ಲಯಕ್ಕೆ ಟೇಬಲ್ ಮೇಲೆ ಬೆರಳು ತಟ್ಟುತ್ತಿದ್ದರು. ಟಕ್... ಟಕ್... ಇಡೀ ಕೋಣೆಗೆ ಅದೇ ಮಾನಿಟರ್.

ಡಾ. ರೇವತಿ ಹೊಸದಾಗಿ ಡ್ಯೂಟಿಗೆ ಬಂದಿದ್ದರು. ಅವತ್ತು ಹುಟ್ಟಿದ ಕೂಸು ಅಳಲಿಲ್ಲ. ಮೈ ನೀಲಿ.

ರೇವತಿ ಕೂಸಿನ ಮುಖಕ್ಕೆ ಮಾಸ್ಕ್ ಇಟ್ಟು, ಉಸಿರು ತುಂಬುವ ಬ್ಯಾಗ್ ಒತ್ತಿದರು. ಎದೆ ಏಳಲೇ ಇಲ್ಲ. ಸಿಸ್ಟರ್ ಬೆರಳು ನಿಧಾನವಾಗುತ್ತಾ ಬಂತು.

"ಆಕ್ಸಿಜನ್ ಸರಿಯಾಗಿ ಹಾಕಿದೀರೋ ಇಲ್ವೋ?" ಅಂತ ರೇವತಿ ಎಲ್ಲರ ಮುಂದೆ ಸಿಸ್ಟರ್ ಮೇಲೆ ರೇಗಿಬಿಟ್ಟರು.

ತಪ್ಪು ಆಕ್ಸಿಜನ್ನಿನದಲ್ಲ... ಗಾಬರಿಯಲ್ಲಿ ಮಾಸ್ಕನ್ನೇ ತಲೆಕೆಳಗಾಗಿ ಹಿಡಿದಿದ್ದರು.

ಸಿಸ್ಟರ್ ಮಾಸ್ಕನ್ನು ತಿರುಗಿಸಿಟ್ಟು ಮೆಲ್ಲಗೆ ಅಂದರು, "ಮೇಡಂ, ಕೂಸಿನ ಮಾರಿ ನೋಡಬ್ಯಾಡ್ರಿ. ನನ್ನ ಬೆರಳಿನ ಸಪ್ಪಳ ಕೇಳ್ರಿ."

ಟಕ್... ಟಕ್... ಟಕ್ ಟಕ್ ಟಕ್...

ಕೂಸು ಅತ್ತಿತು. ಹೊರಗೆ ಕಾಯುತ್ತಿದ್ದ ಕೂಸಿನ ಅಜ್ಜಿಯೂ ಅತ್ತರು.

ಅವತ್ತಿನ ಗಾಬರಿಗೆ ಕೆಲಸವನ್ನೇ ಬಿಡಬೇಕೆಂದಿದ್ದ ರೇವತಿ ಆ ಸದ್ದನ್ನು ನಂಬಿ ಉಳಿದುಕೊಂಡರು. ಇವತ್ತು ಅವರು ಊರಿಗೇ ಬೇಕಾದ ಮಕ್ಕಳ ಡಾಕ್ಟರ್.

ಮೊನ್ನೆ ಶಾಂತವ್ವ ಸಿಸ್ಟರ್ ನಿವೃತ್ತಿ. ಹಾರ ಹಾಕಿದ ಮೇಲೆ ರೇವತಿ ಅವರ ಪಕ್ಕ ಕೂತು ಕೇಳಿದರು, "ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತು ಸಿಸ್ಟರ್?"

ಸಿಸ್ಟರ್ ತಲೆ ತಗ್ಗಿಸಿದರು.

"ಎಲ್ಲೀ ಧೈರ್ಯ ಮೇಡಂ... ಅದರ ಹಿಂದಿನ ವಾರನ ನನ್ನ ಕೈಯಾಗ ಒಂದು ಕೂಸು ಹೋಗಿತ್ರಿ. ಅವತ್ತು ಕೈ ಥರಥರ ನಡಗತಿತ್ತು. ನಿಮಗ ಕಾಣಬಾರದಂತ ಬೆರಳು ಜೋರಾಗಿ ತಟ್ಟಿದೆ..."

ಇಷ್ಟು ವರ್ಷ ಈ ಮಾತನ್ನು ಅವರಿಂದ ಯಾರೂ ಕೇಳಿರಲಿಲ್ಲ. ರೇವತಿಗೆ ಅಳು ತಡೆಯಲಾಗಲಿಲ್ಲ.

ಸಿಸ್ಟರ್ ಕೈ ಈಗಲೂ ಸಣ್ಣಗೆ ನಡುಗುತ್ತಿತ್ತು. ರೇವತಿ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು.

ಟಕ್... ಟಕ್... ಟಕ್...

ನಮಗೆ ಧೈರ್ಯ ಕೊಟ್ಟ ಕೈಗಳೂ ಒಳಗೊಳಗೆ ನಡುಗಿರುತ್ತವೆ.

ನಿಮ್ಮ ಕಷ್ಟದಲ್ಲಿ ಗಟ್ಟಿಯಾಗಿ ನಿಂತವರನ್ನು, "ಅವತ್ತು ನಿಮಗೂ ಹೆದರಿಕೆ ಆಗಿತ್ತಾ?" ಅಂತ ಒಮ್ಮೆಯಾದರೂ ಕೇಳಿದ್ದೀರಾ...?