ಕೊನೆಯ ಸುತ್ತಿನ ಇಬ್ಬರು

ಎಲ್ಲ ಮೊದಲೇ ತೀರ್ಮಾನವಾಗಿದೆ ಎಂಬ ಅನುಮಾನ ಅರ್ನೆಸ್ಟೀನ್‌ಗೆ ಬಂದದ್ದು ಕುರ್ಚಿ ನೋಡಿ. ಬೆಳಿಗ್ಗೆ ನಿರ್ದೇಶಕನ ಹುದ್ದೆಯ ಸಂದರ್ಶನಕ್ಕೆ ಬಂದ ಬಿಳಿಯ ಕೋಲ್ಟನ್‌ಗೆ ಅಧ್ಯಕ್ಷ ವಾರನ್ ಮೆತ್ತನೆಯ ಕುರ್ಚಿ ಹಾಕಿಸಿದ್ದ, ಅವನ ಅಪ್ಪನ ಆರೋಗ್ಯ ವಿಚಾರಿಸಿದ್ದ. ಈಗ ಲಮಾಂಟ್ ಪೆಟ್ವೇ ಸರದಿ. ಮೆತ್ತನೆಯ ಕುರ್ಚಿ ಮಾಯವಾಗಿ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು.

ಕ್ಲೀವ್‌ಲ್ಯಾಂಡ್‌ನ ಪೂರ್ವ ಭಾಗದ ಈ ಸೇವಾಸಂಸ್ಥೆಯಲ್ಲಿ ಊಟಕ್ಕೆ ಬರುವವರು ಕಪ್ಪು ಜನ. ಬಡಿಸುವವರು, ಪಾತ್ರೆ ತೊಳೆಯುವವರು, ನೆಲ ಒರೆಸುವವರೂ ಕಪ್ಪು ಜನ. ನಿರ್ದೇಶಕನ ಕೋಣೆಯಲ್ಲಿ ಮಾತ್ರ ಸಂಸ್ಥೆ ಹುಟ್ಟಿದಾಗಿನಿಂದ ಬಿಳಿಯರೇ. ಈ ಸಲ ಹಣ ಕೊಡುವ ಪ್ರತಿಷ್ಠಾನ ಷರತ್ತು ಹಾಕಿತ್ತು: ಕೊನೆಯ ಸುತ್ತಿನಲ್ಲಿ ಒಬ್ಬನಾದರೂ ಕಪ್ಪು ಮನುಷ್ಯ ಇರಬೇಕು. ಇರಬೇಕು ಅಂದಿತ್ತು, ಅಷ್ಟೆ. ಗೆಲ್ಲಬೇಕು ಅಂದಿರಲಿಲ್ಲ. ಅಭ್ಯರ್ಥಿಗಳನ್ನು ಹುಡುಕಿಕೊಡುವ ಕಂಪನಿಯ ಬ್ರೂಕ್ ಎಂಬ ಹೆಂಗಸು ಲಮಾಂಟ್‌ನನ್ನು ಎಲ್ಲಿಂದಲೋ ಕರೆತಂದಿದ್ದಳು.

ಆಡಳಿತ ಮಂಡಳಿಯಲ್ಲಿ ಬಡಾವಣೆಯ ಪರವಾಗಿ ಇದ್ದವಳು ಅರ್ನೆಸ್ಟೀನ್ ಒಬ್ಬಳೇ. ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಇಷ್ಟು ವರ್ಷ ಆ ಮೇಜಿನ ಮುಂದೆ ಕೂತು ಅವಳಿಗೆ ಬೇರೆಲ್ಲ ಆಸೆ ಸತ್ತಿತ್ತು. ತಾನು ಕಣ್ಣು ಮುಚ್ಚುವುದರೊಳಗೆ ಆ ಕೋಣೆಯಲ್ಲಿ ತಮ್ಮವನೊಬ್ಬ ಕೂರಬೇಕು. ಅದೊಂದೇ ಉಳಿದಿತ್ತು.

ಒಳಗೆ ಕರೆಯುವ ಮುಂಚೆ ಅವಳೇ ಮೊಗಸಾಲೆಗೆ ಹೋಗಿ ಹೆಸರು ಹೇಳಿಕೊಂಡು ಅವನ ಕೈ ಹಿಡಿದಳು.

"ಊರು ಯಾವುದೋ ಮಗ?"

"ಹೆದ್ದಾರಿ ಅಂದ್ಕೊಳ್ಳಿ, ಮಿಸ್ ಅರ್ನೆಸ್ಟೀನ್."

"ನೋಡು, ಇವರ ಮುಂದೆ ಸೋತು ಬಂದ್ಯೋ, ನನ್ ಕೈಲಿ ಒದೆ ತಿಂತೀಯ."

ಅವನು ನಗಲಿಲ್ಲ. "ನನ್ ಮೇಲೆ ಅಷ್ಟೊಂದು ಆಸೆ ಇಟ್ಕೋಬೇಡಿ" ಅಂದ.

ಪಾಪ, ಹೆದರಿದ್ದಾನೆ ಅಂದುಕೊಂಡಳು.

ಅವನು ಒಳಗೆ ಬಂದ ಕೂಡಲೇ, ಪ್ರತಿಷ್ಠಾನಕ್ಕೆ ಕಳಿಸಲು ಫೋಟೊ ಬೇಕು ಎಂದು ಬ್ರೂಕ್ ಎದ್ದಳು. ಅವಳು ಬಾಯಿ ಬಿಡುವ ಮೊದಲೇ ಲಮಾಂಟ್ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂತಿದ್ದ. ಆಮೇಲೆ ಪ್ರಶ್ನೆಗಳು. ಹಸಿದವನಿಗೆ ಊಟ ಕೊಡುವುದು ಬೇರೆ, ಎದುರು ಕೂರಿಸಿಕೊಂಡು ಉಣ್ಣುವುದು ಬೇರೆ ಅಂದ. ಚರ್ಚಿನ ನೆಲಮಾಳಿಗೆಯಲ್ಲಿ ಇಡೀ ಬೀದಿಗೆ ಜೋಳದ ರೊಟ್ಟಿ ಸುಡುತ್ತಿದ್ದ ತನ್ನ ಅಜ್ಜಿಯ ಮಾತು ತೆಗೆದ. ಮಂಡಳಿಯಲ್ಲಿ ಲೆಕ್ಕಪತ್ರ ನೋಡುವ ಡಗ್ಲಸ್ ಕೂಡ ಪೆನ್ನು ಕೆಳಗಿಟ್ಟು ಕೇಳಿದ. ಅರ್ನೆಸ್ಟೀನ್ ಕಣ್ಣೊರೆಸಿಕೊಂಡಳು.

ಆಗ ವಾರನ್ ಕೇಳಿದ, "ಬಂದ ಮೊದಲ ವರ್ಷ ಏನ್ ಮಾಡ್ತೀರಿ?"

ಲಮಾಂಟ್ ನೀರು ಕುಡಿದ. ಟೈ ಸರಿ ಮಾಡಿಕೊಂಡ. "ಅದನ್ನ... ಅಷ್ಟಾಗಿ ಯೋಚನೆ ಮಾಡಿಲ್ಲ." ಇನ್ನೆರಡು ಪ್ರಶ್ನೆಗಳಿಗೂ ಹಾಗೇ ತೊದಲಿದ. ಬ್ರೂಕ್ ಸಮಾಧಾನವಾಗಿ ತಲೆಯಾಡಿಸಿದಳು. ಅರ್ನೆಸ್ಟೀನ್‌ಗೆ ಮೈಯೆಲ್ಲ ಉರಿಯಿತು. ಈಗ ತಾನೆ ಹೊಳೆಯಂತೆ ಮಾತಾಡಿದವನು! ಇವರೆಲ್ಲ ಸುತ್ತ ಕೂತು ನೋಟದಲ್ಲೇ ಅವನ ಕತ್ತು ಹಿಸುಕಿದರು.

ಅವನು ಹೊರಗೆ ಹೋದ ಮೇಲೆ ವಾರನ್ ನಿಟ್ಟುಸಿರು ಬಿಟ್ಟ. "ಒಳ್ಳೆ ಮನುಷ್ಯ. ಆದ್ರೆ ಇನ್ನೂ ಸ್ವಲ್ಪ ಪಳಗಬೇಕು."

"ಪಳಗೋಕೆ ಅವನೇನು ಕುದುರೇನಾ?" ಅರ್ನೆಸ್ಟೀನ್ ಮೇಜು ಬಡಿದಳು. "ನಿಮ್ಮ ಕೋಲ್ಟನ್‌ಗೆ ಈ ಬೀದಿ ಹೆಸರೇ ಬರ್ಲಿಲ್ಲ. ಅವನು ಪಳಗೋದು ಬೇಡ್ವಾ?"

"ಇದ್ರಲ್ಲಿ ಬಣ್ಣ ತರಬೇಡಿ, ದಯವಿಟ್ಟು."

"ನಾನು ತಂದ್ನಾ? ಫೋಟೊ ತೆಗೆಸಿದ್ದು ಯಾಕೆ ಮತ್ತೆ, ಅವನ ಟೈ ಚೆನ್ನಾಗಿದೆ ಅಂತಾನಾ?"

ಅವಳು ಎದ್ದು ನಿಂತಳು. "ಇವನನ್ನ ಕೈಬಿಟ್ರೆ, ನಮ್ಮ ಚರ್ಚಿನ ಹೆಂಗಸರೆಲ್ಲ ನಾಳೆ ಪ್ರತಿಷ್ಠಾನದ ಬಾಗಿಲಲ್ಲಿ ಕೂತಿರ್ತಾರೆ. ಪೇಪರಿನೋರನ್ನೂ ಕರೀತೀನಿ. ನೆಲ ಒರೆಸೋಕೆ ನಾವು ಬೇಕು, ಬೀಗದ ಕೈ ಕೊಡೋಕೆ ಬೇಡ. ಇದನ್ನ ಅಲ್ಲಿ ಹೇಳಿ, ನೋಡೋಣ."

ಮೊದಲು ತಲೆ ತಗ್ಗಿಸಿದವನು ಡಗ್ಲಸ್. ಮೊದಲು ಕೈ ಎತ್ತಿದವನೂ ಅವನೇ. ಅವನ ಹಿಂದೆ ಇನ್ನೂ ಇಬ್ಬರು.

ಒಂದೇ ಒಂದು ಮತದಿಂದ ಲಮಾಂಟ್ ಗೆದ್ದ.

ವಾರನ್ ಸಿಟ್ಟಿನಿಂದ ತಿರುಗಿದ್ದು ಅರ್ನೆಸ್ಟೀನ್ ಕಡೆಗಲ್ಲ, ಬ್ರೂಕ್ ಕಡೆಗೆ. ಬ್ರೂಕ್ ಮುಖ ಸುಣ್ಣವಾಗಿತ್ತು. ಮೊಬೈಲ್ ಹಿಡಿದು ಹೊರಗೋಡಿದಳು. ಉರ್ಕೊಳ್ಳಿ, ಚೆನ್ನಾಗಿ ಉರ್ಕೊಳ್ಳಿ ಅಂದುಕೊಂಡಳು ಅರ್ನೆಸ್ಟೀನ್.

ಮಂಡಿ ನೋವು ಮರೆತು ಮೆಟ್ಟಿಲಿಳಿದಳು. ಲಮಾಂಟ್ ಕಾರಿನಲ್ಲಿ ಕೂತಿದ್ದ. ಹಿಂದಿನ ಸೀಟಿನ ಮೇಲೆ ಇಸ್ತ್ರಿ ಮಾಡಿದ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಅವಳು ಗಾಜು ಬಡಿದಳು.

"ಗೆದ್ದೆ ಕಣೋ!"

"ಯಾರು?"

"ನೀನೇ ಕಣೋ, ಹುಚ್ಚಪ್ಪ! ಒಂದೇ ವೋಟು! ಆ ವಾರನ್ ಮುಖ ನೋಡ್ಬೇಕಿತ್ತು ನೀನು!"

ಅವನ ಕೈ ಸ್ಟೀರಿಂಗ್ ಮೇಲೆ ಹಾಗೇ ನಿಂತಿತು. ಮುಖದಲ್ಲಿ ಸಂತೋಷ ಬರಲಿ ಎಂದು ಅವಳು ಕಾದಳು. ಬರಲಿಲ್ಲ. ಪಕ್ಕದ ಸೀಟಿನ ಮೇಲೆ ಫೋನು ಹೊಡೆದುಕೊಳ್ಳುತ್ತಿತ್ತು, ಪರದೆಯ ಮೇಲೆ ಬ್ರೂಕ್ ಹೆಸರು. ಅವನು ಎತ್ತಲಿಲ್ಲ.

"ದಮ್ಮಯ್ಯ ಅಂತೀನಿ ಅಮ್ಮ, ವಾಪಸ್ ಹೋಗಿ ಬೇಡ ಅಂತ ಹೇಳ್ಬಿಡಿ. ನನ್ ಕೆಲಸ ಹೋಗುತ್ತೆ."

"ಯಾವ ಕೆಲಸಾನೋ? ಕೆಲಸ ಈಗ ತಾನೆ ಸಿಕ್ತಲ್ಲ!"

ಲಮಾಂಟ್ ಅವಳ ಮುಖ ನೋಡಲಿಲ್ಲ. "ಇದಲ್ಲಮ್ಮ, ಬ್ರೂಕ್ ಕಂಪನಿದು. ಊರೂರಿಗೆ ಹೋಗಿ, ಕೊನೇ ಸುತ್ತಿನ ಕಪ್ಪು ಮನುಷ್ಯ ಆಗಿ ಕೂತು, ಯಾರಿಗೂ ಅನುಮಾನ ಬರದ ಹಾಗೆ ಸೋತು ಬರೋದಕ್ಕೇ ಅವರು ನನಗೆ ಸಂಬಳ ಕೊಡೋದು."